ಎಡಗಡೆ ಕುದುರೆಯ ಗಂಟೆ

ಮದರಾಸಿನ ರಾಯಪುರಂನಲ್ಲಿ ನಮ್ಮ ಬೀದಿಯೊಳಗೆ ಗಾಡಿ ತಿರುಗಿಸಲು ಜಾಗವಿಲ್ಲ. ಅದಕ್ಕೇ ಹೊಸ ಕುದುರೆಯನ್ನು ತಂದ ಟೆಂಪೋ ದೊಡ್ಡ ರಸ್ತೆಯಿಂದಲೇ ರಿವರ್ಸಿನಲ್ಲಿ ಬಂತು. ಹಾಗಾಗಿ ನಮಗೆ ಮೊದಲು ಕಂಡದ್ದು ಕುದುರೆಯ ಬಾಲ.

ಎದುರು ಮನೆಯ ಮೀನಿನ ಅಕ್ಕ ಬುಟ್ಟಿ ತೊಳೆಯುವುದನ್ನು ನಿಲ್ಲಿಸಿ ನಕ್ಕಳು. "ಎನ್ನಮ್ಮಾ, ಉಂಗ ಮರುಮಗ ಮುದುಗ ಕಾಟ್ಟಿಕ್ಕಿನು ವರಾ?" ನಿಮ್ಮ ಸೊಸೆ ಬೆನ್ನು ತೋರಿಸಿಕೊಂಡು ಬರ್ತಿದ್ದಾಳಲ್ಲ ಅಂತ.

"ಮೊಕ ಆಮೇಲೆ ತೋರಿಸ್ತಾಳೆ ಬುಡಕ್ಕ. ಮೊದ್ಲು ಅತ್ತೆ ಒಪ್ಪಬೇಕಲ್ಲ" ಅಂದಳು ಅಮ್ಮ. ಅಕ್ಕ ತಮಿಳಿನಲ್ಲಿ ಹೇಳುವುದು, ಅಮ್ಮ ಕನ್ನಡದಲ್ಲಿ ಉತ್ತರ ಕೊಡುವುದು, ಇಬ್ಬರೂ ನಗುವುದು ನಾನು ಹುಟ್ಟುವ ಮೊದಲಿನಿಂದ ನಡೆದು ಬಂದಿದೆ.

ಅತ್ತೆ ಅಂದರೆ ನಮ್ಮ ಹಳೆಯ ಕುದುರೆ. ಬಿಳಿ ಬಣ್ಣದ ಹೆಣ್ಣು ಕುದುರೆ. ನಾವು ಅವಳನ್ನು ದೊಡ್ಡೋಳು ಅಂತಲೇ ಕರೆಯುವುದು. ಅವಳು ಒಪ್ಪುತ್ತಾಳೋ ಇಲ್ಲವೋ ಎನ್ನುವುದರ ಮೇಲೆ ಆ ತಿಂಗಳು ನಮ್ಮ ಮನೆಯ ಎಲ್ಲವೂ ನಿಂತಿತ್ತು.

ನಮ್ಮದು ಕೋಲಾರದ ಕಡೆಯ ಮನೆತನ. ಅಜ್ಜ ಜಟಕಾ ಓಡಿಸಲು ಮದರಾಸಿಗೆ ಬಂದವನು. ಹಾರ್ಬರಿನಿಂದ ಸ್ಟೇಷನ್ನಿಗೆ ಜನರನ್ನೂ ಮೂಟೆಗಳನ್ನೂ ಸಾಗಿಸುತ್ತಿದ್ದ. ಆಟೋಗಳು ಹೆಚ್ಚಾಗಿ ಜಟಕಾ ಹತ್ತುವವರೇ ಇಲ್ಲವಾದಾಗ ಅಪ್ಪ ಅದನ್ನು ಮಾರಿ ಒಂದು ಹಳೆಯ ಸಾರೋಟು ಕೊಂಡ. ಬೆಳ್ಳಿ ಬಣ್ಣ ಬಳಿದು, ಕೆಂಪು ವೆಲ್ವೆಟ್ ಸೀಟು ಹೊಲಿಸಿ ಮದುವೆಗಳಿಗೆ ಓಡಿಸತೊಡಗಿದ. ವರನನ್ನು ಕೂರಿಸಿಕೊಂಡು ದೇವಸ್ಥಾನದಿಂದ ಮಂಟಪದವರೆಗೆ ಹೋಗುವುದು, ಅಷ್ಟೇ ಕೆಲಸ. ಅಷ್ಟರಲ್ಲೇ ನಾವು ಉಂಡೆವು, ನಾನು ಓದಿದೆ.

ಓದಿದೆ ಅನ್ನುವುದನ್ನು ನಾನು ಮೆಲ್ಲಗೆ ಹೇಳುವವಳಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪನಿಗೆ ಬಸ್ಸಿನ ಬೋರ್ಡು ಓದುವಷ್ಟು ತಮಿಳು ಬರುತ್ತದೆ, ಅಮ್ಮನಿಗೆ ಅದೂ ಇಲ್ಲ. ಮಂಟಪಗಳ ಹೊರಗೆ, ಸಾರೋಟಿನ ಹಿಂದಿನ ಸೀಟಿನಲ್ಲಿ, ಬಣ್ಣದ ಬಲ್ಬುಗಳ ಬೆಳಕಿನಲ್ಲಿ ಕೂತು ಓದಿ ನಾನು ಬಿ.ಎಸ್ಸಿ. ಮುಗಿಸಿದೆ. ಈಗ ಕೀಲ್ಪಾಕಿನ ಒಂದು ಲ್ಯಾಬಿನಲ್ಲಿ ಕೆಲಸ. ಕಾಲೇಜಿನ ಮೊದಲ ವರ್ಷ ಬೆಂಚಿನಲ್ಲಿ ನನ್ನ ಪಕ್ಕದವಳು ಮೂಗು ಸಿಂಡರಿಸಿ ದೂರ ಸರಿದಿದ್ದಳು. ಮೈಗೆ ಎಷ್ಟು ಸೋಪು ತಿಕ್ಕಿದರೂ ಲಾಯದ ವಾಸನೆ ಬಟ್ಟೆಯಲ್ಲಿ ಉಳಿಯುತ್ತದೆ. ಪದವಿ ಬಂದ ದಿನ ಅಪ್ಪ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ. ಪಕ್ಕದ ಮೊಳೆಗೆ ಹಳೆಯ ಲಗಾಮು. ಬಂದವರಿಗೆಲ್ಲ ಎರಡನ್ನೂ ತೋರಿಸುತ್ತಿದ್ದ. "ಇವಳ ಡಿಗ್ರಿಗೆ ಎಂಟು ಕಾಲು" ಅನ್ನುತ್ತಿದ್ದ. ನಾಲ್ಕು ಕಾಲು ದೊಡ್ಡೋಳದು, ಇನ್ನು ನಾಲ್ಕು ಕೆಂದನದು.

ಕೆಂದ ಅವಳ ಜೋಡಿ, ಕೆಂಪು ಬಣ್ಣದ ಗಂಡು. ಒಂದು ಬಿಳಿ, ಒಂದು ಕೆಂಪು ಕಟ್ಟಿದರೆ ಫೋಟೋಗೆ ಹೊಂದುವುದಿಲ್ಲ ಅಂತ ಮದುವೆಯವರು ಗೊಣಗಿದರೆ ಅಪ್ಪ, "ಗಂಡು ಹೆಣ್ಣು ಒಂದೇ ಬಣ್ಣ ಇದ್ದಾರಾ ನೋಡ್ಕೊಳ್ಳಿ ಮೊದ್ಲು" ಅಂತ ಬಾಯಿ ಮುಚ್ಚಿಸುತ್ತಿದ್ದ. ಇಬ್ಬರಲ್ಲಿ ಯಜಮಾನಿಕೆ ಎಲ್ಲ ದೊಡ್ಡೋಳದೇ. ನೀರು ಮೊದಲು ಅವಳು ಕುಡಿಯಬೇಕು. ಹುಲ್ಲಿನ ಮೃದುವಾದ ತುದಿಗಳೆಲ್ಲ ಅವಳಿಗೆ. ಅವಳು ಕಿವಿ ಹಿಂದಕ್ಕೆ ಮಡಿಸಿದರೆ ಸಾಕು, ಕೆಂದ ತನ್ನ ಪಾಡಿಗೆ ಪಕ್ಕಕ್ಕೆ ಸರಿಯುತ್ತಿದ್ದ. ಆದರೆ ಕೆಂದ ಕಣ್ಮರೆಯಾದರೆ ಅವಳಿಗೆ ತಡೆಯುತ್ತಿರಲಿಲ್ಲ. ಲಾಳ ಹೊಡೆಸಲು ಅವನನ್ನು ಕರೆದುಕೊಂಡು ಹೋದರೆ ವಾಪಸ್ ಬರುವವರೆಗೂ ಕೆನೆಯುತ್ತಿದ್ದಳು. ಬೀದಿ ತಿರುವಿನಲ್ಲಿ ಅವನ ಗಂಟೆಯ ಸದ್ದು ಕೇಳಿದ ಮೇಲೆಯೇ ಬಾಯಿಗೆ ಹುಲ್ಲು.

ಕಳೆದ ಮಳೆಗಾಲದಲ್ಲಿ ಕೆಂದ ಹೊಟ್ಟೆಶೂಲೆ ಬಂದು ಸತ್ತ. ಆಮೇಲೆ ದೊಡ್ಡೋಳು ಗೇಟಿನ ಕಡೆ ಮುಖ ಮಾಡಿ ನಿಂತಳು. ತಿನ್ನುವುದು ಅರ್ಧವಾಯಿತು, ಪಕ್ಕೆಲುಬು ಕಂಡವು. ಬಾಡಿಗೆಗೆ ಇನ್ನೊಂದು ಕುದುರೆ ತಂದು ಜೋಡಿಸಿದರೆ ಇವಳು ಸಾರೋಟಿನ ಮೂಕಿಯ ಹತ್ತಿರವೇ ಬರಲಿಲ್ಲ. ಪಶುವೈದ್ಯರು ಬಾಯಿ, ಗೊರಸು, ಹೊಟ್ಟೆ ಎಲ್ಲ ನೋಡಿ, "ಕಾಯಿಲೆ ಏನಿಲ್ಲ. ಜೊತೆ ಇಲ್ಲ, ಅಷ್ಟೇ. ಕುದುರೆ ಒಂಟಿಯಾಗಿ ಬದುಕೋ ಪ್ರಾಣಿ ಅಲ್ಲ" ಅಂದರು.

ಜೊತೆ ಹುಡುಕುವುದಕ್ಕೇ ತಿಂಗಳುಗಳು ಹಿಡಿದವು. ಕೊನೆಗೆ ಊರಾಚೆ ಮದುವೆ ಕುದುರೆಗಳನ್ನು ಸಾಕುವ ಒಬ್ಬ ಸಾಹುಕಾರ ಒಪ್ಪಿದ. ಅವನ ಮಾತು ಸರಳವಾಗಿತ್ತು. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿನಲ್ಲಿ, ಇಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಆ ತಿಂಗಳು ಕುದುರೆಯನ್ನು ಇಟ್ಟುಕೊಂಡು ನೋಡಿ. ಜೋಡಿ ಕೂಡಿದರೆ ನಿಮ್ಮದು. ಕೂಡದಿದ್ದರೆ ಮುಂದಿನ ತಿಂಗಳು ಆವಣಿ ಹುಟ್ಟಿದಾಗ ಬಂದು ಕರೆದುಕೊಂಡು ಹೋಗುತ್ತೇನೆ.

"ಕೂಡದಿದ್ರೆ ದೊಡ್ಡೋಳನ್ನೂ ಸಾರೋಟನ್ನೂ ಅವನೇ ತಗೊಂಡೋಗ್ಲಿ ಅಂತ ಹೇಳಿವ್ನಿ" ಅಂದ ಅಪ್ಪ, ತಟ್ಟೆಯಿಂದ ಮುಖ ಎತ್ತದೆ. "ಒಂಟಿ ಕುದ್ರೆ ಕಟ್ಕೊಂಡು ನಾನೇನು ಮಾಡ್ಲಿ? ಅವನತ್ರ ಹತ್ತಾರು ಅವೆ. ಒಂದ್ ಮೂಲೇಲಿ ನಿಂತಿರ್ತಾಳೆ."

"ನಾನು ದುಡೀತಿದ್ದೀನಲ್ಲಪ್ಪ. ಅವಳಿಗೆ ಹುಲ್ಲು ಹಾಕಕ್ಕೆ ಆಗಲ್ವಾ?"

"ಹುಲ್ಲು ಹಾಕ್ಬೋದು. ಅವ್ಳು ತಿನ್ನಬೇಕಲ್ಲಮ್ಮಿ."

ಅಪ್ಪನನ್ನು ಮನೆಯಲ್ಲಿ ಕೂರಿಸಿ ಸಾಕುವ ಶಕ್ತಿ ನನಗಿತ್ತು. ಆದರೆ ಸಾರೋಟು ಇಲ್ಲದ ಅಪ್ಪನನ್ನು ನೆನೆಸಿಕೊಂಡಾಗ, ಗೇಟಿನ ಕಡೆ ಮುಖ ಮಾಡಿ ನಿಂತ ದೊಡ್ಡೋಳೇ ಕಣ್ಣ ಮುಂದೆ ಬಂದಳು.

ಹೀಗೆ ಬಂದಳು ಹೊಸಬಳು. ಬೂದು ಬಣ್ಣ, ಉದ್ದ ಕಾಲು, ಹಣೆಯ ಮೇಲೆ ಬಿಳಿ ಬೊಟ್ಟು. ಇನ್ನೂ ಎಳೆಯ ಪ್ರಾಯ. ಟೆಂಪೋದಿಂದ ಇಳಿದವಳೇ ದೂರದಲ್ಲಿ ಕಂಟೇನರ್ ಲಾರಿಯೊಂದು ಹಾರ್ನ್ ಹೊಡೆದದ್ದಕ್ಕೆ ಬೆಚ್ಚಿ ಅಪ್ಪನ ಭುಜಕ್ಕೆ ಮೂಗು ಒತ್ತಿದಳು. ಅಪ್ಪ ಅಲ್ಲೇ ಕರಗಿದ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸಾರೋಟಿನ ಎಡಗಡೆ ಕುದುರೆಗೊಂದು ಗಂಟೆಪಟ್ಟಿ, ಬಲಗಡೆಯದಕ್ಕೊಂದು. ಬಲಗಡೆಯದು ಹೊಸ ಹಿತ್ತಾಳೆ, ಕಿಣಿಕಿಣಿ ಅನ್ನುತ್ತದೆ. ಎಡಗಡೆಯದು ಅಜ್ಜನ ಜಟಕಾದ ಕಾಲದ್ದು. ದಪ್ಪ ಕಂಚು, ದಪ್ಪ ದನಿ. ಪಟ್ಟಿ ಕುದುರೆಯದಲ್ಲ, ಜಾಗದ್ದು. ಒಂದು ಕುದುರೆ ಹೋದರೆ ಮುಂದಿನದು ಮನೆಯೊಳಗೆ ಕಾಲಿಡುವ ಮೊದಲು ಅದೇ ಪಟ್ಟಿ ಕಟ್ಟಿಕೊಳ್ಳಬೇಕು. "ನಮ್ಮಪ್ಪ ಮಾಡಿದ ಕಟ್ಟಳೆ" ಅಂತ ಅಪ್ಪ ಹೇಳುತ್ತಿದ್ದ, ನಾವು ಕೇಳುತ್ತಿದ್ದೆವು.

ಅಮ್ಮ ಆರತಿ ತಂದಳು. ಹಣೆಗೆ ಅರಿಶಿನ ಕುಂಕುಮ, ಬಾಯಿಗೆ ಬೆಲ್ಲದ ಚೂರು. ಅಪ್ಪ ಎಡಗಡೆ ನಿಲ್ಲುತ್ತಿದ್ದ ಕೆಂದನ ಪಟ್ಟಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸಿಟ್ಟಿದ್ದ. ಅದನ್ನು ಹೊಸಬಳ ಕುತ್ತಿಗೆಗೆ ಕಟ್ಟಿ ಬಲಗಾಲು ಮುಂದಿಡುವಂತೆ ಲಗಾಮು ಎಳೆದ. ಗಂಟೆ ಸದ್ದಾಯಿತು.

ಒಳಗೆ ಲಾಯದಿಂದ ದೊಡ್ಡೋಳು ಕೆನೆದಳು.

ಎಂಥ ಕೆನೆತ ಅದು! ಕೆಂದ ಸತ್ತ ಮೇಲೆ ಅವಳು ಹಾಗೆ ಬಾಯಿ ತೆರೆದಿರಲಿಲ್ಲ. ಅಮ್ಮ ಆರತಿ ತಟ್ಟೆ ಕೆಳಗಿಟ್ಟಳು. "ನೋಡಿ, ಕರೀತಾವ್ಳೆ! ಬಾ ಅಂತಾವ್ಳೆ!" ಅಂದಳು. ನಾವು ಮೂವರೂ ನಗುತ್ತಾ ಹೊಸಬಳನ್ನು ಒಳಗೆ ಕರೆದುಕೊಂಡು ಹೋಗಿ ಕೆಂದನ ಜಾಗದಲ್ಲಿ ನಿಲ್ಲಿಸಿದೆವು. ದೊಡ್ಡೋಳು ಕಿವಿ ನೆಟ್ಟಗೆ ಮಾಡಿ ಹಗ್ಗ ಬಿಗಿಯುವಷ್ಟು ಮುಂದೆ ಬಂದಳು. ಮೂಗು ಚಾಚಿದಳು. ಒಂದು ಉಸಿರು ಎಳೆದಳು. ಅಷ್ಟೇ. ಕಿವಿ ತಲೆಗೆ ಅಂಟಿತು, ಹಲ್ಲು ಕಂಡವು, ಹೊಸಬಳ ಭುಜ ಅವಳ ಬಾಯಲ್ಲಿತ್ತು. ಅಪ್ಪ ನಡುವೆ ನುಗ್ಗಿ ಕೂಗಿ ಬಿಡಿಸುವಷ್ಟರಲ್ಲಿ ಹಿಂಗಾಲಿನ ಒಂದು ಒದೆತಕ್ಕೆ ನೀರಿನ ಡ್ರಮ್ಮು ಸೊಟ್ಟಗಾಯಿತು.

ಹೊರಗಿನಿಂದ ಮೀನಿನ ಅಕ್ಕ ಕೇಳಿದಳು, "ಎನ್ನಾಚು?"

"ಅತ್ತೆ ಒಪ್ಪಿಲ್ಲ" ಅಂದಳು ಅಮ್ಮ. ಈ ಸಲ ಯಾರೂ ನಗಲಿಲ್ಲ.

ಗಾಯ ಆಳವಾಗಿರಲಿಲ್ಲ. ಔಷಧಿ ಹಚ್ಚಿದ ಮೇಲೆ ನಾನು ನನ್ನ ಯೋಜನೆ ಮುಂದಿಟ್ಟೆ. ಹೊಸ ಕುದುರೆಯನ್ನು ಹಳೆಯದಕ್ಕೆ ಹೇಗೆ ಹೊಂದಿಸಬೇಕು ಅಂತ ನಾನು ಮೊದಲೇ ಓದಿಕೊಂಡಿದ್ದೆ, ವೈದ್ಯರನ್ನೂ ಕೇಳಿದ್ದೆ. ನಡುವೆ ಬೇಲಿ ಇರಬೇಕು. ಒಂದರ ಮುಖ ಇನ್ನೊಂದಕ್ಕೆ ಕಾಣಬೇಕು, ಹಲ್ಲು ಎಟುಕಬಾರದು. ಮೇವು ಬೇರೆ ಬೇರೆ. ವಾಸನೆ ಪರಿಚಯವಾಗಲು ಒಂದರ ಹೊದಿಕೆ ಇನ್ನೊಂದಕ್ಕೆ. ಅವಸರ ಮಾಡಬಾರದು.

"ಕುದ್ರೆ ಬುಕ್ ಓದ್ತದಾ ಡಿಗ್ರಿಯೋರೇ?" ಅಂದ ಅಪ್ಪ. ಸಿಟ್ಟು ಬಂದಾಗ ಅಪ್ಪ ನನ್ನನ್ನು ಬಹುವಚನದಲ್ಲಿ ಕರೆಯುತ್ತಾನೆ. "ನಾವು ಪಕ್ಕದಲ್ಲೇ ಕಟ್ಟಿ, ಒಂದ್ ದಿನ ಕಚ್ಚಾಡ್ಲಿ ಅಂತ ಬುಡ್ತಿದ್ವು. ಸಂಜೆಗೆ ಸರಿಹೋಗ್ತಿದ್ವು."

"ಈ ಕಚ್ಚಾಟದಲ್ಲಿ ಹೊಸಬಳ ಕಾಲು ಮುರಿದ್ರೆ ಸಾಹುಕಾರನಿಗೆ ಏನು ಕೊಡ್ತೀಯ? ನನ್ನ ಡಿಗ್ರೀನಾ?"

ಸ್ವಲ್ಪ ಹೊತ್ತಿಗೆ ಅಪ್ಪ ಬಿದಿರು ಗಳ ತಂದು ಲಾಯದ ನಡುವೆ ಅಡ್ಡಡ್ಡ ಕಟ್ಟತೊಡಗಿದ. ನನ್ನಪ್ಪ ಸೋತಾಗ ಮಾತಾಡುವುದಿಲ್ಲ, ಕೆಲಸ ಮಾಡುತ್ತಾನೆ.

ನಾನು ಟಿ. ನಗರದ ಆಡಿ ರಿಯಾಯಿತಿಯ ನೂಕುನುಗ್ಗಲಿನಲ್ಲಿ ನುಗ್ಗಿ ಎರಡು ದಪ್ಪ ಬೆಡ್‌ಶೀಟ್ ತಂದೆ. ಕುದುರೆಗಳ ಮೈಮೇಲೆ ಹಾಕಿ, ಅದಲು ಬದಲು ಮಾಡಿದೆ. "ಆಡಿಯಲ್ಲಿ ಜನ ಸೀರೆ ತರ್ತಾರೆ. ನನ್ನ ಮಗಳು ಕುದ್ರೆಗೆ ಬೆಡ್‌ಶೀಟ್ ತಂದವ್ಳೆ" ಅಂತ ಅಮ್ಮ ಬೀದಿಗೆಲ್ಲ ಹೇಳಿದಳು.

ಆದರೆ ಏನೂ ಬದಲಾಗಲಿಲ್ಲ. ಹೊಸಬಳು ಸುಮ್ಮನೆ ನಿಂತಿದ್ದರೆ ದೊಡ್ಡೋಳೂ ಸುಮ್ಮನಿರುತ್ತಿದ್ದಳು. ಹೊಸಬಳು ತಲೆ ಅಲ್ಲಾಡಿಸಿದರೆ, ನೊಣ ಓಡಿಸಲು ಕುತ್ತಿಗೆ ಕೊಡವಿದರೆ, ಇವಳು ಕಿವಿ ನಿಮಿರಿಸಿ ತಟ್ಟನೆ ತಿರುಗುತ್ತಿದ್ದಳು, ನೋಡುತ್ತಿದ್ದಳು, ಆಮೇಲೆ ಧಡಾರನೆ ಗಳಕ್ಕೆ ಒದೆಯುತ್ತಿದ್ದಳು. ದಿನ ಹೋದಂತೆ ಹೊಸಬಳು ಕದಲುವುದಕ್ಕೇ ಹೆದರತೊಡಗಿದಳು. ಅವಳೂ ಮೇವು ಬಿಟ್ಟಳು. ಒಂದು ಕುದುರೆ ತಿನ್ನದಿದ್ದ ಮನೆಯಲ್ಲಿ ಈಗ ಎರಡು ತಿನ್ನುತ್ತಿರಲಿಲ್ಲ.

ಸಾಹುಕಾರನ ಫೋನು ಬರುತ್ತಿತ್ತು. "ಹೇಗೆ, ಕೂಡಿತಾ?" ಅಂತ. "ನೋಡ್ತಾ ಇದ್ದೀವಿ" ಅಂತ ಅಪ್ಪ ಗೋಡೆಯ ಕಡೆ ತಿರುಗಿ ಹೇಳುತ್ತಿದ್ದ.

ಆಡಿಯ ಭಾನುವಾರಗಳಲ್ಲಿ ನಮ್ಮ ಬೀದಿಯ ದೇವಿಯ ಗುಡಿಯಲ್ಲಿ ಕೂಳ್ ಹೊಯ್ಯುತ್ತಾರೆ. ಕೂಳ್ ಅಂದರೆ ನಮ್ಮ ರಾಗಿ ಅಂಬಲಿಯೇ. ನಮ್ಮ ಊರಿನದು ಇಲ್ಲಿ ದೇವರ ಪ್ರಸಾದವಾಗಿದೆ ಅಂತ ಅಮ್ಮನಿಗೆ ಹೆಮ್ಮೆ. ಆ ದಿನ ಬೀದಿ ತುಂಬ ಬೇವಿನ ತೋರಣ, ಕಂಬ ಕಂಬಕ್ಕೂ ಲೌಡ್‌ಸ್ಪೀಕರು. ಆ ಸಲ ಒಂದು ಸ್ಪೀಕರನ್ನು ನಮ್ಮ ಲಾಯದ ಕಡೆಗೇ ಬಾಯಿ ಮಾಡಿ ಕಟ್ಟಿಬಿಟ್ಟಿದ್ದರು. ಬೆಳಗಾಗುತ್ತಲೇ ದೇವಿಯ ಹಾಡುಗಳು ಶುರು. ಎದುರಿಗೆ ನಿಂತವರ ಮಾತೂ ಕೇಳದು.

ನನಗೆ ರಜೆ. ಕುದುರೆಗಳು ಹೆದರಿಯಾವು ಅಂತ ಲಾಯದ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತೆ. ಮದುವೆಯ ನಾದಸ್ವರ, ಪಟಾಕಿ ಎಲ್ಲ ಕೇಳಿದ ದೊಡ್ಡೋಳಿಗೆ ಏನೂ ಆಗಲಿಲ್ಲ. ಹೊಸಬಳು ಮೊದಲು ಬೆದರಿದಳು, ಆಮೇಲೆ ಅಭ್ಯಾಸವಾಗಿ ತಲೆ ಕೊಡವಿದಳು. ದೊಡ್ಡೋಳು ತಿರುಗಲಿಲ್ಲ. ಹೊಸಬಳು ಒಂದು ಬಾಯಿ ಹುಲ್ಲು ಎಳೆದಳು, ಕುತ್ತಿಗೆ ಆಡಿಸಿದಳು, ಇನ್ನೊಂದು ಬಾಯಿ ಎಳೆದಳು. ದೊಡ್ಡೋಳು ಬಾಲ ಬೀಸುತ್ತಾ ನಿಂತಿದ್ದಳು. ಬಿಸಿಲೇರುವ ಹೊತ್ತಿಗೆ ದೊಡ್ಡೋಳೇ ಗಳದ ಹತ್ತಿರ ಬಂದು ಸಂದಿಯಲ್ಲಿ ಮೂಗು ತೂರಿಸಿದಳು. ಹೊಸಬಳ ಮೂಗು ಇತ್ತಲಿಂದ ಬಂತು. ಎರಡೂ ಒಂದಕ್ಕೊಂದು ಉಸಿರು ಬಿಟ್ಟುಕೊಂಡವು.

ಆಗ ಪೂಜೆಗೆಂದು ಹಾಡು ನಿಂತಿತು.

ಬೀದಿ ಒಮ್ಮೆಗೇ ಮೌನವಾಯಿತು. ಹೊಸಬಳು ತಲೆ ಎತ್ತಿದಳು, ಗಂಟೆ ಘಣ್ ಅಂದಿತು. ದೊಡ್ಡೋಳ ಕಿವಿ ನಿಮಿರಿತು. ಅವಳು ನೋಡಿದ್ದು ಮುಂದೆ ನಿಂತಿದ್ದ ಹೊಸಬಳನ್ನಲ್ಲ, ಗೇಟನ್ನು. ಯಾರೋ ಬರುತ್ತಾರೆ ಅನ್ನುವಂತೆ ನೋಡಿದಳು. ಯಾರೂ ಬರಲಿಲ್ಲ. ತಿರುಗಿ ಹೊಸಬಳನ್ನು ಕಂಡು ಗಳಕ್ಕೆ ಒದ್ದಳು.

ಲ್ಯಾಬಿನಲ್ಲಿ ನಮಗೆ ಹೇಳಿಕೊಡುವುದು ಒಂದೇ: ಒಮ್ಮೆ ಕಂಡದ್ದನ್ನು ನಂಬಬೇಡ, ಮತ್ತೆ ಮಾಡಿ ನೋಡು. ನಾನು ಅಪ್ಪನ ಟವೆಲ್ಲನ್ನು ಹೊಸಬಳ ಗಂಟೆಪಟ್ಟಿಗೆ ಬಿಗಿಯಾಗಿ ಸುತ್ತಿದೆ. ಕುತ್ತಿಗೆ ತಟ್ಟಿದೆ, ಅಲ್ಲಾಡಿದಳು, ಸದ್ದಿಲ್ಲ. ದೊಡ್ಡೋಳೂ ಸುಮ್ಮನೆ. ಟವೆಲ್ ತೆಗೆದೆ. ಗಂಟೆ ಸದ್ದಾಯಿತು. ಮತ್ತೆ ಗೇಟಿನ ಕಡೆ ನೋಟ, ಮತ್ತೆ ಒದೆತ.

ಬಾಗಿಲಲ್ಲಿ ಕೂಳಿನ ಚೊಂಬು ಹಿಡಿದು ಅಮ್ಮ ನಿಂತಿದ್ದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ.

"ಅಯ್ಯೋ ನನ್ನವ್ವ" ಅಂದಳು ಮೆಲ್ಲಗೆ. "ಅವತ್ತು ಕರೆದಿದ್ದು ಇವಳನ್ನಲ್ಲ ಕಣೇ. ಅವನನ್ನು."

ಅಪ್ಪನನ್ನು ಕರೆದೆವು. ನಾನು ಟವೆಲ್ ಸುತ್ತಿ ತೋರಿಸಿದೆ, ಬಿಚ್ಚಿ ತೋರಿಸಿದೆ. ಅಪ್ಪ ನೋಡಿದ. ಕಂಡಿತು ಅವನಿಗೂ. ಆದರೂ ತಲೆ ಅಲ್ಲಾಡಿಸಿದ. "ಪಟ್ಟಿ ಬಿಚ್ಚಕ್ಕಾಗಲ್ಲ. ನಮ್ಮಪ್ಪನ ಕಾಲದಿಂದ ಎಡಗಡೆ ಜಾಗ ಬರೀ ಕುತ್ಗೇಲಿ ಇದ್ದಿದ್ದಿಲ್ಲ."

"ಸತ್ತವಳ ತಾಳಿ ಕಟ್ಕೊಂಡು ಎರಡನೇ ಹೆಂಡ್ತಿ ಬಂದ್ರೆ ಮನೆಯೋರು ಮುದ್ದು ಮಾಡ್ತಾರಾ?" ಅಂದಳು ಅಮ್ಮ.

"ಅದು ಬೇರೆ, ಇದು ಬೇರೆ. ಇದು ನಮ್ಮಪ್ಪ ಮಾಡಿದ ಕಟ್ಟಳೆ."

ಅಮ್ಮ ಚೊಂಬನ್ನು ಕೆಳಗಿಟ್ಟಳು. "ನಾನೂ ಇಷ್ಟು ವರ್ಷದಿಂದ ಕೇಳ್ತಾನೇ ಇವ್ನಿ. ನಿಮ್ಮಪ್ಪ ಓಡಿಸ್ತಿದ್ದಿದ್ದು ಜಟಕಾ ಅಲ್ವಾ? ಜಟಕಾಗೆ ಒಂದೇ ಕುದ್ರೆ. ಅದ್ರಲ್ಲಿ ಎಡಗಡೆ ಯಾವ್ದು, ಬಲಗಡೆ ಯಾವ್ದು?"

ಅಪ್ಪ ತನ್ನ ಎಡಗೈ ನೋಡಿಕೊಂಡ. ಬಲಗೈ ನೋಡಿಕೊಂಡ. ನನಗೆ ನಗು ತಡೆಯಲಾಗದೆ ದೊಡ್ಡೋಳ ಹಿಂದೆ ಹೋಗಿ ನಿಂತೆ. ಇಷ್ಟು ವರ್ಷ ಅಜ್ಜನ ಕಟ್ಟಳೆ ಅಂದುಕೊಂಡಿದ್ದದ್ದು ಅಪ್ಪನದೇ. ತನ್ನ ಅಪ್ಪನದೊಂದು ಗಂಟೆ ಇನ್ನೂ ರಸ್ತೆಯಲ್ಲಿ ಸದ್ದು ಮಾಡುತ್ತಿರಲಿ ಅಂತ ಅವನೇ ಕಟ್ಟಿಕೊಂಡದ್ದು. ತಾನೇ ಹೋಗಿ ಪಟ್ಟಿ ಬಿಚ್ಚಿದ.

ಬಿಚ್ಚಿದ ಪಟ್ಟಿಯನ್ನು ಒಳಗೆ ಒಯ್ಯುವ ಮೊದಲು ಅಮ್ಮ ಅದನ್ನು ದೊಡ್ಡೋಳ ಮುಂದೆ ಹಿಡಿದಳು. ದೊಡ್ಡೋಳು ಮೂಸಿದಳು. ಕಂಚನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ್ದೆವು, ಆದರೆ ಚರ್ಮದ ಒಳಮೈಯನ್ನು ತೊಳೆದಿರಲಿಲ್ಲ. ಅಲ್ಲಿ ಕೆಂದನ ಬೆವರು ಕಪ್ಪಗೆ ಕೂತಿತ್ತು. ಅವಳು ಅದರೊಳಗೆ ಮೂಗಿಟ್ಟು ತುಂಬ ಹೊತ್ತು ನಿಂತಳು. ಅಮ್ಮನ ಕೈ ಸೋತರೂ ಇಳಿಸಲಿಲ್ಲ. ಕೊನೆಗೆ ದೊಡ್ಡೋಳು ತಾನಾಗಿ ಮುಖ ತೆಗೆದು, ಒಂದು ಸಲ ಮೂಗು ಕೊಡವಿ, ಹುಲ್ಲಿನ ಕಡೆ ತಿರುಗಿದಳು. ಪಟ್ಟಿ ನಡುಮನೆಗೆ ಹೋಗಿ ನನ್ನ ಡಿಗ್ರಿಯ ಪಕ್ಕದ ಮೊಳೆ ಸೇರಿತು.

ಅಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಅಂದರೆ ಸುಳ್ಳು. ದೊಡ್ಡೋಳು ದೊಡ್ಡೋಳೇ. ಹೊಸಬಳ ಮೇಲಿನ ಆ ಕುರುಡು ಕೋಪ ಹೋಯಿತು, ದೊಡ್ಡಸ್ತಿಕೆ ಹೋಗಲಿಲ್ಲ. ಹೋಗಬೇಕು ಅಂತ ನಮಗೂ ಇರಲಿಲ್ಲ. ಅವಳ ಮುಂದೆ ಹೊಸಬಳಿಗೆ ಬೆಲ್ಲ ಕೊಟ್ಟದ್ದೂ ತಪ್ಪೇ ಅಂತ ಆಮೇಲೆ ಹೊಳೆಯಿತು. ಇನ್ನು ಮೇಲೆ ಹುರುಳಿ ಮೊದಲು ಅವಳಿಗೆ, ನೀರು ಮೊದಲು ಅವಳಿಗೆ, ಮೈ ತಿಕ್ಕುವುದೂ ಮೊದಲು ಅವಳಿಗೆ. ಹೊಸಬಳು ಅದನ್ನು ಬೇಗ ಕಲಿತಳು. ದೊಡ್ಡೋಳು ಬಕೆಟ್ಟಿನಿಂದ ಮುಖ ಎತ್ತುವವರೆಗೂ ಕಣ್ಣು ಬೇರೆ ಕಡೆ ಇಟ್ಟುಕೊಂಡು ನಿಲ್ಲುತ್ತಿದ್ದಳು.

"ನೋಡು, ಹೆಂಗೆ ಕಾಯ್ತಾಳೆ. ನೀನು ಹಿಂಗೆ ಯಾವತ್ತಾದ್ರೂ ನನ್ ಮಾತು ಕೇಳಿದ್ಯಾ?" ಅಂತ ಅಮ್ಮ ನನಗೆ ಚುಚ್ಚಿದಳು.

"ನಿನ್ನ ಮಾತು ಕೇಳಿದ್ರೆ ಪ್ಲಸ್ ಟೂ ಆದ್ಮೇಲೆ ಮದುವೆ ಆಗಿರ್ತಿದ್ದೆ."

"ಆಗಿದ್ರೆ ಇಷ್ಟೊತ್ತಿಗೆ ಅತ್ತೆ ಒದೆ ತಿಂದು ನೀನೂ ಕಲಿತಿರ್ತಿದ್ದೆ ಬುಡು."

ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮೊದಲು ನಾವು ಎರಡನ್ನೂ ಸಮುದ್ರದ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದೆವು. ದೊಡ್ಡೋಳನ್ನು ಹಿಡಿದು ಅಪ್ಪ ಮುಂದೆ, ಹೊಸಬಳನ್ನು ಹಿಡಿದು ನಾನು ಹಿಂದೆ. ದೋಣಿಗಳು ದಡಕ್ಕೆ ಬರುವ ಹೊತ್ತು; ಬಲೆ, ಐಸು, ಕೂಗಾಟ. ಹೊಸಬಳು ಪ್ರತಿಯೊಂದಕ್ಕೂ ಬೆಚ್ಚುತ್ತಿದ್ದಳು. ದೊಡ್ಡೋಳು ಯಾವುದಕ್ಕೂ ಕ್ಯಾರೇ ಅನ್ನದೆ ನಡೆಯುತ್ತಿದ್ದಳು. ಮೊದಮೊದಲು ಹೊಸಬಳು ಬೆಚ್ಚಿ ನಿಂತರೆ ನಾನು ಎಳೆದು ಎಳೆದು ಸುಸ್ತಾಗುತ್ತಿದ್ದೆ. ಆಮೇಲೆ ಅವಳು ನನ್ನನ್ನು ನೋಡುವುದನ್ನು ಬಿಟ್ಟು ದೊಡ್ಡೋಳ ಕಿವಿ ನೋಡಲು ಶುರು ಮಾಡಿದಳು. ಆ ಕಿವಿ ಸಡಿಲವಾಗಿದ್ದರೆ ಇವಳೂ ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ಐಸ್ ಲಾರಿಯೊಂದು ಅಡ್ಡ ಬಂದು ನಾನೂ ಹೊಸಬಳೂ ಹಿಂದೆ ಉಳಿದೆವು. ಲಾರಿ ಸರಿದ ಮೇಲೆ ನೋಡಿದರೆ ದೊಡ್ಡೋಳು ತಿರುವಿನಲ್ಲಿ ನಿಂತಿದ್ದಳು. ಅಪ್ಪ ಹಗ್ಗ ಎಳೆಯುತ್ತಿದ್ದ, ಅವಳು ಕದಲುತ್ತಿರಲಿಲ್ಲ. ನಾವು ಹತ್ತಿರ ಬಂದ ಮೇಲೆ ತಾನೇ ಹೊರಟಳು.

ಅಪ್ಪ ನನ್ನ ಕಡೆ ನೋಡಿದ.

ಲಾಯದ ನಡುವಿನ ಗಳಗಳು ಕಡಿಮೆಯಾಗುತ್ತಾ ಬಂದದ್ದನ್ನು ನಾನು ಗಮನಿಸಿದ್ದು ತಡವಾಗಿ. ಮೇಲಿನದು ಹೋಗಿತ್ತು. ಕೆಲವು ದಿನಗಳ ಮೇಲೆ ಅದರ ಕೆಳಗಿನದು. ಕೇಳಿದರೆ, "ಗೆದ್ಲು ಹಿಡಿದಿತ್ತು" ಅಂದ ಅಪ್ಪ. ಹೊಸ ಬಿದಿರಿಗೆ ಗೆದ್ದಲು! ಕೊನೆಗೆ ಮೊಣಕಾಲೆತ್ತರದ ಒಂದೇ ಗಳ ಉಳಿಯಿತು. ಅದನ್ನು ಯಾರು ಬೇಕಾದರೂ ದಾಟಬಹುದಿತ್ತು. ದೊಡ್ಡೋಳು ದಾಟಲಿಲ್ಲ. ಆದರೆ ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಇಬ್ಬರೂ ಆ ಗಳದ ಆಚೆ ಈಚೆ ತಲೆ ಬಾಲ ಅದಲು ಬದಲಾಗಿ ನಿಂತಿದ್ದರು. ಒಬ್ಬಳ ಬಾಲ ಇನ್ನೊಬ್ಬಳ ಮುಖದ ನೊಣ ಓಡಿಸುತ್ತಿತ್ತು. ದೊಡ್ಡೋಳು ಮುಂಚಿನ ಗಾಯ ಮಾಸಿದ ಆ ಭುಜದ ಹತ್ತಿರವೇ ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಹೊಸಬಳ ಕೆಳತುಟಿ ಸುಖಕ್ಕೆ ಜೋತುಬಿದ್ದಿತ್ತು.

ಅಮ್ಮ ಹೊಸ್ತಿಲಲ್ಲಿ ಹೂ ಕಟ್ಟುತ್ತಾ ಕೂತಿದ್ದಳು. "ಸದ್ದು ಮಾಡಬೇಡ" ಅಂತ ಬೆರಳು ತೋರಿಸಿದಳು.

ಆವಣಿ ಹುಟ್ಟಿತು. ಸಾಹುಕಾರ ಹೇಳಿದಂತೆ ಅದೇ ಟೆಂಪೋದಲ್ಲಿ ಬಂದ. ಅಪ್ಪ ಒಗೆದ ಅಂಗಿ ತೊಟ್ಟು ಕಾಯುತ್ತಿದ್ದ. "ನೀವೇ ನೋಡ್ಕೊಳ್ಳಿ" ಅಂತ ಲಾಯದ ಬಾಗಿಲು ತೆರೆದ. ಆ ಕೊನೆಯ ಗಳವನ್ನು ಅವನು ಆ ಬೆಳಿಗ್ಗೆಯೇ ಬಿಚ್ಚಿದ್ದ. ಮನುಷ್ಯರ ಮುಂದೆ ಕುದುರೆಗಳು ತಮಗೆ ಬೇಕಾದ ಹಾಗೆ ಇರುತ್ತವೆ, ನಮಗೆ ಬೇಕಾದ ಹಾಗಲ್ಲ.

ಸಾಹುಕಾರ ಹೊಸಬಳ ಕಡೆ ನಡೆದು ಲಗಾಮಿಗೆ ಕೈ ಚಾಚಿದ. ದೊಡ್ಡೋಳು ಒಂದು ಹೆಜ್ಜೆ ಮುಂದೆ ಬಂದು ಇಬ್ಬರ ನಡುವೆ ಅಡ್ಡ ನಿಂತಳು. ಒದೆಯಲಿಲ್ಲ, ಕಚ್ಚಲಿಲ್ಲ. ಕಿವಿ ಮಾತ್ರ ಹಿಂದಕ್ಕೆ ಮಡಿಸಿದಳು. ಆ ಕಿವಿ ಈಗ ಹೊಸಬಳ ಮೇಲೆ ಮಡಿಸಿದ್ದಲ್ಲ, ಸಾಹುಕಾರನ ಮೇಲೆ. ಹೊಸಬಳು ಅವಳ ಪಕ್ಕೆಗೆ ಒತ್ತಿಕೊಂಡು ಅವಳ ಬೆನ್ನ ಮೇಲಿಂದ ಇಣುಕಿ ನೋಡಿದಳು.

ಸಾಹುಕಾರ ಕೈ ಹಿಂದೆಗೆದುಕೊಂಡ. "ಸರಿ ಪಾ" ಅಂದ ನಗುತ್ತಾ. "ಇನ್ಮೇಲೆ ನಾನು ಇದನ್ನು ವಾಪಸ್ ಕೇಳಬೇಕಂದ್ರೆ ಈ ಯಜಮಾನಿ ಹತ್ರ ಕೇಳಬೇಕು." ಅಮ್ಮನ ಕೈಯಿಂದ ಕಾಫಿ ಕುಡಿದು, ಖಾಲಿ ಟೆಂಪೋದಲ್ಲಿ ಹೋದ.

ಅಂದಿನಿಂದ ಅಮ್ಮ ಅವಳನ್ನು ಹೊಸಬಳು ಅನ್ನುವುದನ್ನು ಬಿಟ್ಟಳು. ಚಿಕ್ಕೋಳು ಆದಳು.

ಮೊದಲ ಮದುವೆ ಹತ್ತಿರದಲ್ಲೇ ಸಿಕ್ಕಿತು. ಬಲಗಡೆ ದೊಡ್ಡೋಳು, ಎಡಗಡೆ ಚಿಕ್ಕೋಳು. ಮೂಕಿಗೆ ಕಟ್ಟುವಾಗ ದೊಡ್ಡೋಳು ತಾನಾಗಿ ಬಂದು ತನ್ನ ಜಾಗದಲ್ಲಿ ನಿಂತಳು. ನಿಂತು, ಎಡಕ್ಕೆ ತಿರುಗಿ ನೋಡಿದಳು. ಚಿಕ್ಕೋಳು ಬಂದು ನಿಂತ ಮೇಲೆ ತಲೆ ಮುಂದಕ್ಕೆ. ಕಚ್ಚಿದ ಜಾಗದಲ್ಲಿ ಚಿಕ್ಕೋಳಿಗೆ ಬಿಳಿ ಕೂದಲು ಬಂದಿತ್ತು. ಅಮ್ಮ ಅದರ ಮೇಲೆ ಹೂವಿನ ಸರ ಇಳಿಬಿಟ್ಟಳು.

ನಾನು ಆ ದಿನ ಲ್ಯಾಬಿಗೆ ರಜೆ ಹಾಕಿದ್ದೆ. ಎಷ್ಟೋ ವರ್ಷಗಳ ಮೇಲೆ ಅಪ್ಪನ ಪಕ್ಕ ಮುಂದಿನ ಸೀಟಿನಲ್ಲಿ ಕೂತೆ. ಸಾರೋಟು ಬೀದಿ ದಾಟಿತು. ಮೀನಿನ ಅಕ್ಕ ಬುಟ್ಟಿ ಕೆಳಗಿಟ್ಟು ಎರಡೂ ಕೈಯಲ್ಲಿ ದೃಷ್ಟಿ ತೆಗೆದಳು. ದೇವಸ್ಥಾನದ ಮುಂದೆ ಮದುಮಗ ಹತ್ತಿದ. ಪೇಟ, ಹಾರ, ಬೆವರು. ನಾದಸ್ವರದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ದೊಡ್ಡೋಳ ಗಂಟೆ ಮಾತ್ರ ಕಿಣಿಕಿಣಿ ಕೇಳಿಸುತ್ತಿತ್ತು.

ಮದುಮಗನ ಮಾವ ಸಾರೋಟಿನ ಪಕ್ಕದಲ್ಲಿ ನಡೆಯುತ್ತಿದ್ದವರು ಅದನ್ನು ಗಮನಿಸಿದರು. "ಏನಪ್ಪಾ, ಒಂದು ಕುದುರೆಗೆ ಗಂಟೆ ಇಲ್ವೇ?" ಅಂತ ತಮಿಳಿನಲ್ಲಿ ಕೇಳಿದರು.

ಅಪ್ಪ ಏನು ಹೇಳುತ್ತಾನೋ ಅಂತ ನಾನು ನೋಡಿದೆ. ಅಪ್ಪ ಲಗಾಮು ಸಡಿಲ ಬಿಟ್ಟು ಎಡಗಡೆ ಕುದುರೆಯನ್ನು ನೋಡಿದ.

"ಅವ್ಳಿಗೆ ಅವ್ಳದೇ ಗಂಟೆ ಮಾಡಿಸ್ಬೇಕು ಸಾರ್" ಅಂದ. "ಹೇಳಿವ್ನಿ, ಎರಕ ಹೊಯ್ತಾವ್ರೆ."

ಅದು ನನಗೂ ಗೊತ್ತಿರಲಿಲ್ಲ.